ಎರಡೂವರೆ ನಕ್ಷತ್ರದ ಡಾಕ್ಟರು

ನಾಲ್ಕು ನಕ್ಷತ್ರಕ್ಕಿಂತ ಕಡಿಮೆ ಇರುವ ಯಾವ ವಸ್ತುವನ್ನೂ ನನ್ನ ಮಗಳು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಕುಕ್ಕರ್ ಇರಲಿ, ಕಸಪೊರಕೆ ಇರಲಿ, ಕಾಲೊರಸು ಇರಲಿ, ಮೊದಲು ಫೋನು ತೆಗೆದು, ಅದನ್ನು ಕೊಂಡವರು ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಏನೇನು ಬೈದಿದ್ದಾರೆ ಎಂದು ಓದಿದ ಮೇಲೆಯೇ ಮುಂದಿನ ಮಾತು. ಪೊರಕೆಯ ಬಗ್ಗೆ ಅಷ್ಟು ಜನಕ್ಕೆ ಅಷ್ಟೊಂದು ಹೇಳಲಿಕ್ಕಿದೆ ಎಂದು ನನಗೆ ಗೊತ್ತಾದದ್ದೇ ಅವಳಿಂದ. ಹಾಗಾದರೆ ತನ್ನನ್ನು ಹೇಗೆ ಒಪ್ಪಿಕೊಂಡಳು ಎಂದು ಅಳಿಯ ಆಗಾಗ ಕೇಳುವುದುಂಟು. ಆಗ ಇನ್ನೂ ಈ ವ್ಯವಸ್ಥೆ ಬಂದಿರಲಿಲ್ಲ ಎನ್ನುತ್ತಾಳೆ.

ತಪ್ಪು ಅವಳದಲ್ಲ, ಕೆಲಸದ್ದು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವಳು ಖರೀದಿ ವಿಭಾಗದವಳು. ಒಂದು ವಾಷರ್ ಬೇಕೆಂದರೂ ಮೂರು ಕಡೆಯಿಂದ ಕೊಟೇಶನ್ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸಹಿ ಹಾಕಬೇಕು. ಹಗಲೆಲ್ಲ ಹಾಗೆ ಅನುಮಾನ ಪಡಲಿಕ್ಕೆ ಸಂಬಳ ತೆಗೆದುಕೊಳ್ಳುವವಳು ಸಂಜೆ ಮನೆಗೆ ಬಂದ ಕೂಡಲೇ ನಂಬಿಕೆಯ ಮುದ್ದೆಯಾಗಿಬಿಡು ಎಂದರೆ ಹೇಗಾದೀತು?

ಮೊಮ್ಮಗಳು ಬಟಾಣಿಗೆ ಮೂರು ತುಂಬುತ್ತಾ ಬಂದಿತ್ತು. ದುಂಡಗೆ, ಪುಟ್ಟಗೆ, ಕೈಗೆ ಸಿಕ್ಕದೆ ಉರುಳಿಹೋಗುವವಳಾದ್ದರಿಂದ ಆ ಹೆಸರು. ಆ ದಿನಗಳಲ್ಲಿ ಅವಳಿಗೊಂದು ಹೊಸ ಅಭ್ಯಾಸ ಶುರುವಾಗಿತ್ತು. ನಿದ್ದೆಗೆ ಮಲಗಿಸಿದೊಡನೆ ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಿದ್ದಳು, ಬೇಡ ಬೇಡ ಬೇಡ ಎಂದು ಯಾರಿಗೋ ಖಡಾಖಂಡಿತವಾಗಿ ಹೇಳುತ್ತಿರುವ ಹಾಗೆ. ಹೊರಳಿಸುತ್ತ ಹೊರಳಿಸುತ್ತ ಮೇಲಕ್ಕೆ ಜರುಗಿ, ನೆತ್ತಿಯನ್ನು ಮಂಚದ ತಲೆಹಲಗೆಗೆ ತಾಳ ಹಾಕಿದಂತೆ ತಟ್ಟುತ್ತಿದ್ದಳು. ಮಂಚ ಗೋಡೆಗೆ ಬಡಿಯುತ್ತಿತ್ತು. ಕೆಳಗಿನ ಮನೆಯವರು ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಿ, ಹೊಸ ಬೀರು ಮಾಡಿಸ್ತಾ ಇದ್ದೀರಾ ಎಂದು ವಿಚಾರಿಸಿದರು. ಅಳಿಯನದು ಲಿಫ್ಟ್ ರಿಪೇರಿ ಕೆಲಸ. ಸದ್ದು ಕೇಳಿಯೇ ಯಂತ್ರದ ಆರೋಗ್ಯ ಹೇಳುವವನು. ಬಾಗಿಲಿಗೆ ಕಿವಿಯಿಟ್ಟು ಕೇಳಿ, ಲಯ ಸರಿಯಾಗಿದೆ, ಯಾವ ಬೋಲ್ಟೂ ಸಡಿಲವಾಗಿಲ್ಲ ಎಂದ. ಮಗಳಿಗೆ ಅದು ತಮಾಷೆ ಎನಿಸಲಿಲ್ಲ.

ಅವಳು ಆ ಲಕ್ಷಣವನ್ನು ಫೋನಿನಲ್ಲಿ ಬರೆದು ಹುಡುಕಿದಳು. ಮೊದಲ ಪುಟದಲ್ಲಿ ನರದ ತೊಂದರೆ ಸಿಕ್ಕಿತು, ಎರಡನೆಯದರಲ್ಲಿ ಕಿವಿಯದು, ಅದರ ಮುಂದೆ ಮೆದುಳಿನದು. ಸಂಜೆಯ ಹೊತ್ತಿಗೆ ಬಟಾಣಿಗೆ ಒಂದು ಡಜನ್ ಕಾಯಿಲೆ ಕೂಡಿಬಂದಿತ್ತು. ಅವುಗಳಲ್ಲೊಂದು ಕುರಿಗಳಿಗೆ ಮಾತ್ರ ಬರುವಂಥದ್ದು. ಅಳಿಯ ಕೊನೆಯ ಸಾಲು ಓದಿ ಹೇಳುವ ಮುಂಚೆ ಅವಳು ಮಗುವಿನ ಗೊರಸು ಒಂದನ್ನು ಬಿಟ್ಟು ಉಳಿದೆಲ್ಲ ಪರೀಕ್ಷೆ ಮಾಡಿ ಮುಗಿಸಿದ್ದಳು. ಕಾಯಿಲೆಯ ಯಜಮಾನಿ ಮಾತ್ರ ಕುರ್ಚಿಯ ಕೆಳಗೆ ಕೂತು ಬಿಸ್ಕತ್ತಿಗೆ ತನ್ನ ಟೋಪಿ ತೊಡಿಸಲು ನೋಡುತ್ತಿದ್ದಳು.

ಮಾರನೆಯ ದಿನ ನಾವು ಮೂವರೂ, ಅಂದರೆ ಮಗಳು, ಬಟಾಣಿ ಮತ್ತು ನಾನು, ಚಪ್ಪಲಿ ಅಂಗಡಿಯ ಮೇಲಿನ ಮಕ್ಕಳ ಡಾಕ್ಟರ ಬಳಿಗೆ ಹೋದೆವು. ಹಳೆಯ ಕ್ಲಿನಿಕ್ಕು. ಮೆಟ್ಟಿಲೆಲ್ಲ ಹೊಸ ಚರ್ಮದ ವಾಸನೆ, ಒಳಗೆ ಕಟಕಟ ಎನ್ನುವ ಫ್ಯಾನು, ಒಂದು ಉದ್ದನೆಯ ಬೆಂಚು. ಡಾಕ್ಟರು ಸಣಕಲು ಮನುಷ್ಯ, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಮಗು ಬಂದ ಕೂಡಲೇ ತಮ್ಮ ಕುರ್ಚಿಯನ್ನು ತಿರುಗಿಸಿ ತಿರುಗಿಸಿ ಕೆಳಗಿಳಿಸಿಕೊಂಡರು, ತಮ್ಮ ತಲೆ ಅವಳ ತಲೆಗಿಂತ ತಗ್ಗಿನಲ್ಲಿರುವವರೆಗೆ. ಟಾರ್ಚನ್ನು ಮೊದಲು ಅವಳ ಕೈಗೇ ಕೊಟ್ಟರು. ಅವಳು ಡಾಕ್ಟರ ಬಾಯಿ, ಕಿವಿ, ಮೂಗು ಎಲ್ಲವನ್ನೂ ನೋಡಿ ತೃಪ್ತಳಾದ ಮೇಲೆ ಅವರ ಸರದಿ ಬಂತು. ನಡೆಸಿದರು, ಓಡಿಸಿದರು, ಚೆಂಡು ತರಿಸಿದರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು. ಬಟಾಣಿ ಎಲ್ಲರನ್ನೂ ಹೇಳಿ, ಕೊನೆಗೆ ಫ್ರಿಜ್ಜನ್ನೂ ಸೇರಿಸಿದಳು.

ಆಮೇಲೆ ಅವರು ಹೇಳಿದ್ದು ಇಷ್ಟು. ಮಗು ಚೆನ್ನಾಗಿದೆ. ಕೆಲವು ಮಕ್ಕಳು ನಿದ್ದೆ ಬರಿಸಿಕೊಳ್ಳಲು ತಮ್ಮನ್ನು ತಾವೇ ಹೀಗೆ ತೂಗಿಕೊಳ್ಳುತ್ತವೆ, ಬೆಳೆಯುತ್ತಾ ಬಿಟ್ಟುಹೋಗುತ್ತದೆ. ಮಂಚವನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆಯಿರಿ, ಕೆಳಗಿನ ಮನೆಯವರಿಗೆ ಒಳ್ಳೆಯದು. ಎಚ್ಚರವಾಗಿ ಆಡುತ್ತಿರುವಾಗಲೂ ಹೀಗೆ ಮಾಡಿದರೆ, ಮಾತು ನಡಿಗೆ ಹಿಂದೆ ಬಿದ್ದಂತೆ ಕಂಡರೆ, ತಡಮಾಡದೆ ಬನ್ನಿ. ಮಗಳು ಔಷಧಿ ಕೇಳಿದಳು, ಬೇಡವೆಂದರು. ಪರೀಕ್ಷೆ ಕೇಳಿದಳು, ಅದೂ ಬೇಡವೆಂದರು.

"ಅಷ್ಟೇನಾ ಡಾಕ್ಟ್ರೇ?" ಎಂದಳು ಮಗಳು.

"ಅಷ್ಟೇ."

ಇಷ್ಟು ಮಾತಾಡುತ್ತಿರುವಾಗಲೇ ಅವರು ಬಟಾಣಿಯ ಒಂದು ಕಾಲುಚೀಲ ತಿರುಗಿ ಅದರ ಹಿಮ್ಮಡಿ ಭಾಗ ಪಾದದ ಮೇಲೆ ಬಂದಿದ್ದನ್ನು ಸರಿಮಾಡಿ, ಆ ಕಾಲನ್ನು ಮೆಲ್ಲನೆ ಕೆಳಗೆ ಬಿಟ್ಟರು. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಿರಲಿಲ್ಲವೇನೋ.

ಮಗಳು ಮುಂದಾಗಿ ಮೆಟ್ಟಿಲಿಳಿದಳು. ಕೆಳಗೆ ಬಂದು ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಂತು ಫೋನು ತೆಗೆದಳು. ಹೋಗುವ ಮೊದಲು ನೋಡಬೇಕಾದ್ದನ್ನು ಗಾಬರಿಯಲ್ಲಿ ಮರೆತಿದ್ದಳಂತೆ. ಡಾಕ್ಟರಿಗೆ ಎರಡೂವರೆ ನಕ್ಷತ್ರ ಇತ್ತು.

"ಅಮ್ಮ, ನಮ್ಮ ಮನೆ ಪೊರಕೆಗೇ ನಾಲ್ಕೂಕಾಲು ಇದೆ" ಎಂದಳು.

ಮನೆಗೆ ಬಂದು ನಾನು ಆ ಪುಟವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಅವಳು ನಕ್ಷತ್ರ ಎಣಿಸಿದ್ದಳು, ಮಾತು ಓದಿರಲಿಲ್ಲ. ನೆಗಡಿಗೆ ಔಷಧಿಯನ್ನೇ ಕೊಡಲಿಲ್ಲ, ಮಗು ತಾನಾಗಿ ಹುಷಾರಾಯಿತು, ಒಂದು ನಕ್ಷತ್ರ. ಮುಂದಿದ್ದವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳುತ್ತ ಕೂತರು, ಅದರಿಂದ ಹಿಂದಿದ್ದ ನಮಗೆ ತಡವಾಯಿತು, ಒಂದು ನಕ್ಷತ್ರ. ಫ್ಯಾನು ಸದ್ದು ಮಾಡುತ್ತದೆ. ಮೀನಿನ ತೊಟ್ಟಿ ಇಲ್ಲ. ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದರು, ಡಾಕ್ಟರಿಗೆ ಗೊತ್ತಿಲ್ಲ ಎಂದರೆ ಏನರ್ಥ, ಅರ್ಧ ನಕ್ಷತ್ರ ಕೊಡುವ ಅವಕಾಶ ಇದ್ದಿದ್ದರೆ ಅದನ್ನೇ ಕೊಡುತ್ತಿದ್ದೆ. ಓದುತ್ತಾ ಹೋದಂತೆ ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತಲೇ ಹೋಯಿತು.

ಅಷ್ಟರಲ್ಲಿ ಮಗಳು ನಾಲ್ಕು ಪಾಯಿಂಟ್ ಒಂಬತ್ತು ನಕ್ಷತ್ರದ ಹೊಸ ಆಸ್ಪತ್ರೆಯೊಂದನ್ನು ಹುಡುಕಿ, ಮುಂದಿನ ಶುಕ್ರವಾರಕ್ಕೆ ಹೆಸರು ಬರೆಸಿದ್ದಳು. ಅಲ್ಲಿ ಮೀನಿನ ತೊಟ್ಟಿಯೂ ಇತ್ತು, ಕಾಫಿಯೂ ಇತ್ತು. ಫೋನಿನಲ್ಲಿ ಲಕ್ಷಣ ಕೇಳಿಕೊಂಡೇ ಇಡೀ ದಿನದ ಪರೀಕ್ಷೆ ಎಂದು ಗೊತ್ತುಮಾಡಿದ್ದರು. ರಕ್ತ ತೆಗೆಯುವುದು, ತಲೆಗೆ ತಂತಿ ಅಂಟಿಸಿ ನೋಡುವುದು, ಔಷಧಿ ಕೊಟ್ಟು ಮಲಗಿಸಿ ಮೆದುಳಿನ ಚಿತ್ರ ತೆಗೆಯುವುದು. ಬೇಕಾದ ಮಗುವಿಗೆ ಅದೆಲ್ಲ ಬೇಕೇ ಬೇಕು, ನಾನು ಇಲ್ಲವೆನ್ನುವುದಿಲ್ಲ. ಆದರೆ ಟಾರ್ಚು ಹಿಡಿದು ಡಾಕ್ಟರ ಮೂಗನ್ನು ಪರೀಕ್ಷೆ ಮಾಡಿದ ಹುಡುಗಿಯನ್ನು ಸುಮ್ಮಸುಮ್ಮನೆ ಚುಚ್ಚಿ ಮಲಗಿಸುತ್ತಾರಲ್ಲ ಎಂದು ನನಗೆ ಸಂಕಟವಾಯಿತು. ಶುಕ್ರವಾರದೊಳಗೆ ಮಗಳಿಗೆ ಆ ಡಾಕ್ಟರ ಮಾತಿನಲ್ಲಿ ನಂಬಿಕೆ ಬರಬೇಕು, ನನಗೆ ಬೇಕಾಗಿದ್ದು ಅಷ್ಟೇ. ಅವಳಿಗೆ ಹೇಳಿ ನೋಡಿದೆ. ನಿಮ್ಮ ಕಾಲದಲ್ಲಿ ಡಾಕ್ಟರು ಏನೇ ಹೇಳಿದರೂ ತಲೆಯಾಡಿಸುತ್ತಿದ್ದಿರಿ ಎಂದಳು. ಈಗ ಆ ಕೆಲಸವನ್ನು ಬಟಾಣಿ ವಹಿಸಿಕೊಂಡಿದ್ದಾಳೆ ಎಂದು ಅಳಿಯ ಸೇರಿಸಿದ. ಆ ಮಾತಿಗೆ ಅವನ ಊಟ ಅಡುಗೆಮನೆಯಲ್ಲೇ ಆಯಿತು.

ನಾನು ವಾರಕ್ಕೆರಡು ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗುವವಳು. ಅಲ್ಲಿ ನನಗೆ ಇಬ್ಬರು ಗೆಳತಿಯರು. ಒಬ್ಬಳು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವಳು; ಗ್ರಂಥಪಾಲಕರೂ ಅವಳನ್ನು ಹೆಡ್‌ಮಿಸ್ ಎಂದೇ ಕರೆಯುತ್ತಾರೆ, ಅವಳು ಬಂದಾಗ ಎದ್ದೂ ನಿಲ್ಲುತ್ತಾರೆ. ಇನ್ನೊಬ್ಬಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ದೂರದೂರಿನವರ ಜೊತೆ ಮಾತಾಡಿ ಮಾತಾಡಿ ಅವಳ ಗಂಟಲಿಗೆ ಹತ್ತಿರದವರು ಎಂಬ ಕಲ್ಪನೆಯೇ ಹೊರಟುಹೋಗಿದೆ. ಅವಳ ಹೆಸರು ಟ್ರಂಕ್‌ಕಾಲ್. ನಾನು ಪಿಸುಗುಟ್ಟಿದ ಸಂಕಟದ ಬಗ್ಗೆ ಅವಳು ಮರುಪ್ರಶ್ನೆ ಕೇಳಿದ್ದರಿಂದ ಇಡೀ ಗ್ರಂಥಾಲಯಕ್ಕೆ ವಿಷಯ ತಿಳಿಯಿತು. ಅವರಿಬ್ಬರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಿದ್ದು ಅದೇ ಡಾಕ್ಟರೇ.

"ಎರಡೂವರೆ ಅಂದ್ರೆ ಫೇಲು" ಎಂದಳು ಹೆಡ್‌ಮಿಸ್. "ಮರು ಮೌಲ್ಯಮಾಪನ ಆಗ್ಬೇಕು."

ಗ್ರಂಥಾಲಯದ ಮೂಲೆಯಲ್ಲಿ ಸಾರ್ವಜನಿಕರಿಗೆಂದು ಒಂದು ಕಂಪ್ಯೂಟರ್ ಇದೆ. ಮೂವರೂ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತೆವು. ಅಭಿಪ್ರಾಯ ಬರೆಯಲು ಮೊದಲು ಒಂದು ಹೆಸರಿಟ್ಟುಕೊಳ್ಳಬೇಕಿತ್ತು. ನಿಜವಾದ ಹೆಸರು ಹಾಕಿದರೆ ಮಗಳು ಗುರುತು ಹಿಡಿಯುತ್ತಾಳೆಂದು ನಾನು 'ಅಜ್ಜಿ' ಎಂದು ಬರೆದೆ. ಹೆಡ್‌ಮಿಸ್‌ಗೂ ಅದೇ ಬೇಕಿತ್ತು, ಕಂಪ್ಯೂಟರು ಕೊಡಲಿಲ್ಲ, 'ಅಜ್ಜಿ೨' ಇಟ್ಟುಕೊಳ್ಳಿ ಎಂದಿತು. ಮೂವತ್ತು ವರ್ಷ ಮೊದಲ ಕುರ್ಚಿಯಲ್ಲಿ ಕೂತವಳು ಎರಡನೆಯವಳಾಗಲು ಒಪ್ಪದ್ದರಿಂದ, ನಾನೇ ಆ ಎರಡನ್ನು ತೆಗೆದುಕೊಂಡು ನನ್ನದನ್ನು ಅವಳಿಗೆ ಬಿಟ್ಟುಕೊಟ್ಟೆ. ಟ್ರಂಕ್‌ಕಾಲ್ ಮೂರು.

ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಹೆಡ್‌ಮಿಸ್ ಎಲ್ಲವನ್ನೂ ತಿದ್ದಿದಳು. ಪೀಠಿಕೆ ಇರಬೇಕು, ವಿಷಯ ಇರಬೇಕು, ಉಪಸಂಹಾರ ಇರಬೇಕು. ಹಾಗಾಗಿ ಮೂರೂ 'ವೈದ್ಯವೃತ್ತಿಯು ಒಂದು ಪವಿತ್ರವಾದ ವೃತ್ತಿಯಾಗಿದೆ' ಎಂದು ಶುರುವಾಗಿ, 'ಒಟ್ಟಿನಲ್ಲಿ ಹೇಳುವುದಾದರೆ' ಎಂದು ಮುಗಿದವು. ಇಷ್ಟೆಲ್ಲ ಹೊಗಳಿ ಅವಳು ತಾನು ಕೊಟ್ಟದ್ದು ನಾಲ್ಕೇ ನಕ್ಷತ್ರ. ಕೈಬರಹಕ್ಕೆ ಒಂದು ಕಳೆದೆ, ಪೂರ್ತಿ ಅಂಕ ನಾನು ಯಾರಿಗೂ ಕೊಟ್ಟವಳಲ್ಲ ಎಂದಳು. ಟ್ರಂಕ್‌ಕಾಲಿನ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಮೊಮ್ಮಗನ ಕೆಲಸ, ಅವನ ಎತ್ತರ ಮತ್ತು ಅವನಿಗೆ ಇನ್ನೂ ಮದುವೆಯಾಗದಿರುವ ವಿಷಯವಿತ್ತು. ನಾನು ಆ ಕಾಲುಚೀಲದ ಬಗ್ಗೆ ಬರೆದೆ.

ಅಲ್ಲಿಗೇ ನಿಂತಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಆದರೆ ಟ್ರಂಕ್‌ಕಾಲಿಗೆ ಹುಮ್ಮಸ್ಸು ಬಂದುಬಿಟ್ಟಿತು. ಕಾರಿಡಾರಿಗೆ ಹೋಗಿ ತಂಗಿಗೆ, ತಂಗಿಯ ಸೊಸೆಗೆ, ನಾದಿನಿಗೆ, ಹಳೆಯ ಎಕ್ಸ್‌ಚೇಂಜಿನ ಸಹೋದ್ಯೋಗಿಗಳಿಗೆ ಫೋನು ಮಾಡಿ, ಆ ಡಾಕ್ಟರ ಬಗ್ಗೆ ಅವರವರ ನೆನಪು ಕೇಳಿಕೊಂಡು ಬಂದು, ಅದೇ ಕಂಪ್ಯೂಟರಿನಲ್ಲಿ ಅವರವರ ಪರವಾಗಿ ಹಾಕುತ್ತಾ ಹೋದಳು. ಅಜ್ಜಿ೪, ಅಜ್ಜಿ೫. ಅವಳ ಸ್ವಂತ ತಮ್ಮ, ದಪ್ಪ ಮೀಸೆಯ ಮನುಷ್ಯ, ಅಜ್ಜಿ೭ ಆಗಬೇಕಾಯಿತು. ಹೆಡ್‌ಮಿಸ್ ಒಂದೊಂದನ್ನೂ ತಿದ್ದಿ ಪೀಠಿಕೆ ಸೇರಿಸುತ್ತಿದ್ದಳು. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ನಾವು ಹನ್ನೊಂದು ಅಜ್ಜಿಯರಾಗಿದ್ದೆವು.

ಬುಧವಾರ ಸಂಜೆ ಚಹಾ ಕುಡಿಯುತ್ತಾ ಮಗಳು ಫೋನನ್ನು ಮೇಜಿನ ಮಧ್ಯಕ್ಕೆ ತಳ್ಳಿದಳು. ಡಾಕ್ಟರ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿಯೊಂದು ಬಂದಿತ್ತು: ಈ ವೈದ್ಯರ ಬಗ್ಗೆ ಅನುಮಾನಾಸ್ಪದ ಹೊಗಳಿಕೆ ಕಂಡುಬಂದಿದೆ, ಓದುಗರು ಎಚ್ಚರ ವಹಿಸಿ.

ನನ್ನ ಬಿಸ್ಕತ್ತು ಚಹಾದೊಳಗೆ ಬಿತ್ತು.

ಮಗಳು ಗೆದ್ದವಳ ಹಾಗೆ ಕಾಣಲಿಲ್ಲ, ಬೇಸರಗೊಂಡಿದ್ದಳು. ದುಡ್ಡು ಕೊಟ್ಟು ಬರೆಸಿದ್ದಾರೆ ಎಂದಳು. ಬರೆದದ್ದು ಮನುಷ್ಯರೂ ಅಲ್ಲವಂತೆ, ಯಂತ್ರವಂತೆ. ಯಾವ ಮನುಷ್ಯರು ವೈದ್ಯವೃತ್ತಿಯು ಒಂದು ಪವಿತ್ರವಾದ ವೃತ್ತಿಯಾಗಿದೆ ಎಂದು ಶುರುಮಾಡುತ್ತಾರೆ ಎಂದು ಕೇಳಿದಳು. ಮೂವತ್ತು ವರ್ಷ ಪ್ರಬಂಧ ಕಲಿಸಿದ ಹೆಡ್‌ಮಿಸ್ ಆ ಮಾತು ಕೇಳಲು ಅಲ್ಲಿರಲಿಲ್ಲ, ನನ್ನ ಪುಣ್ಯ. ಅಜ್ಜಿ೩ಕ್ಕೆ ಸಂಪರ್ಕ ತಪ್ಪಿ ಮದುವೆ ಜಾಹೀರಾತು ಬಂದು ಸೇರಿಕೊಂಡಿದೆ, ಅಜ್ಜಿ೭ ಕ್ರಿಕೆಟ್ ಆಡುವಾಗ ಮೊಣಕಾಲು ತರಚಿಕೊಂಡೆ ಎನ್ನುತ್ತಾಳೆ, ಎಂದು ಒಂದೊಂದಾಗಿ ಓದುತ್ತಾ ಬಂದಳು. ಅಳಿಯ ನಕ್ಕು ನಕ್ಕು ಕೆಮ್ಮಿದ.

"ಎಲ್ಲಕ್ಕಿಂತ ದೊಡ್ಡ ಸುಳ್ಳು ಈ ಅಜ್ಜಿ ಎರಡನೇದು" ಎಂದಳು ಮಗಳು. "ಮಾತಾಡ್ತಾ ಮಾತಾಡ್ತಾ ಮಗೂದು ತಿರುಗಿಹೋದ ಸಾಕ್ಸ್ ಸರಿ ಮಾಡಿದ್ರಂತೆ. ಅದನ್ನೆಲ್ಲ ಯಾರು ನೋಡ್ತಾ ಕೂತಿರ್ತಾರೆ?"

ಅಳಿಯ ಕೆಮ್ಮುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಿದ. ಚಹಾದ ಕಪ್ಪಿನಲ್ಲಿ ಬಿಸ್ಕತ್ತು ಹುಡುಕುತ್ತಿದ್ದ ನನ್ನ ಚಮಚವನ್ನು ನೋಡಿದ.

"ಅತ್ತೆ ನೋಡ್ತಾರೆ" ಎಂದ.

ಆ ಮೇಲಿನ ಹೊತ್ತು ಹಿತವಾಗಿರಲಿಲ್ಲ. ಅವಳಿಗೆ ಕೋಪ ಬರುವುದು ಸಹಜವಾಗಿತ್ತು, ಬಂತು. ಹೆದರಿರುವವಳ ಎದುರು ಆಟ ಆಡಿದೆ ಎಂದಳು. ಬರೆದಿದ್ದೆಲ್ಲ ನಿಜ ಎಂದೆ. ಹನ್ನೊಂದು ಜನ ಒಂದೇ ಕುರ್ಚಿಯಲ್ಲಿ ಕೂತು ಬರೆದ ನಿಜ ಎಂಥ ನಿಜ ಎಂದಳು. ನನ್ನನ್ನು ಹೆಚ್ಚು ಚುಚ್ಚುತ್ತಿದ್ದುದು ಬೇರೆ: ಏನೂ ಅರಿಯದ ಆ ಡಾಕ್ಟರ ತಲೆಯ ಮೇಲೆ ನಾವು ಕೆಂಪು ಪಟ್ಟಿ ಕಟ್ಟಿದ್ದೆವು. ಹೋಗಿ ತಪ್ಪಾಯಿತು ಅನ್ನುತ್ತೇನೆ ಎಂದೆ.

ಅವಳು ಕಪ್ಪುಗಳನ್ನು ಒಳಗಿಟ್ಟು ಬಂದಳು. ಆಮೇಲೆ, ನಾನೂ ಬರುತ್ತೇನೆ ಎಂದಳು. ಅವಳ ಆಫೀಸಿನಲ್ಲಿ ತಪ್ಪಿಲ್ಲದ ಸಪ್ಲೈಯರ್ ಒಬ್ಬನ ಹೆಸರು ಕಪ್ಪುಪಟ್ಟಿಗೆ ಸೇರಿದರೆ ಅವನಿಗೆ ಹೋಗಿ ಹೇಳುವುದು ಖರೀದಿ ವಿಭಾಗದ ಜವಾಬ್ದಾರಿ. ಡಾಕ್ಟರನ್ನು ಅವಳು ನಂಬಿರಲಿಲ್ಲ, ಆದರೆ ನ್ಯಾಯ ಎಂದರೆ ನ್ಯಾಯ. ನನ್ನ ಮಗಳಲ್ಲಿ ಈ ಗುಣ ಇದೆ, ಕೋಪದಲ್ಲಿದ್ದಾಗಲೂ ಎಲ್ಲಿಯೂ ಹೋಗುವುದಿಲ್ಲ.

ಗುರುವಾರ ಬೆಳಿಗ್ಗೆ ಹೊರಟೆವು. ಬಟಾಣಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅವಳೂ ಬಂದಳು. ತಿದ್ದಿದವಳು ತಾನು, ಹೊಣೆ ತನ್ನದು ಎಂದು ಹೆಡ್‌ಮಿಸ್ ಬಂದಳು. ಅವಳು ಬಂದಮೇಲೆ ಟ್ರಂಕ್‌ಕಾಲ್ ಬಾರದೆ ಇರುತ್ತಾಳೆಯೇ? ಬೆಂಚಿನ ತುಂಬ ನಾವೇ. ಚೀಟಿ ಬರೆಯುವ ಹುಡುಗಿ ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ, ಮಗು ಯಾರದ್ದು ಎಂದು ಕೇಳಿದಳು. "ಎಲ್ಲರ ನಡುವೆ ಇದೊಂದೇ ಇರೋದು" ಎಂದಳು ಟ್ರಂಕ್‌ಕಾಲ್, ಕೆಳಗೆ ಚಪ್ಪಲಿ ಅಂಗಡಿಯವರಿಗೂ ಕೇಳುವ ಹಾಗೆ.

ಡಾಕ್ಟರಿಗೆ ತಮ್ಮ ಹೆಸರಿನ ಪುಟ ಒಂದಿದೆ ಎಂಬುದೇ ಗೊತ್ತಿರಲಿಲ್ಲ. ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ ಮಗಳ ಫೋನಿನಲ್ಲಿ ಓದಿದರು. ಹೊಗಳಿಕೆಯನ್ನು ಬೇಗ ಬೇಗ ಸರಿಸಿ, ಬೈಗುಳವನ್ನು ನಿಧಾನವಾಗಿ ಓದಿದರು. ಫ್ಯಾನಿನ ವಿಷಯ ಬಂದಾಗ ತಲೆಯೆತ್ತಿ ಫ್ಯಾನನ್ನೇ ಸ್ವಲ್ಪ ಹೊತ್ತು ಆಲಿಸಿ, ಎದ್ದು ಹೋಗಿ ಆರಿಸಿ ಬಂದರು. ನಾಲ್ಕು ನಕ್ಷತ್ರ ಕೊಟ್ಟವರು ಯಾರು ಎಂದು ಕೇಳಿದರು. ಹೆಡ್‌ಮಿಸ್ ಎದ್ದು ನಿಂತು, ಕೈಬರಹ ಎಂದಳು. ಅವರು ಒಪ್ಪಿಕೊಂಡರು. ನಾವು ತಪ್ಪಾಯಿತು ಎಂದಿದ್ದಕ್ಕೆ, ಮೆಟ್ಟಿಲು ಹತ್ತಿ ಬರುವವರು ಹೇಗೂ ಬರುತ್ತಾರೆ, ಬಿಡಿ ಎಂದರು.

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಮಗಳು ಎದ್ದೂ ಆಗಿತ್ತು. ಆಗ ಟ್ರಂಕ್‌ಕಾಲ್ ನನ್ನ ಕಿವಿಯಲ್ಲಿ ಗುಟ್ಟಾಗಿ, ನಾಳೆಯ ದೊಡ್ಡ ಆಸ್ಪತ್ರೆಯ ವಿಷಯ ಇವರಿಗೆ ಹೇಳಬಾರದಲ್ಲವೇ ಎಂದು ಕೇಳಿದಳು. ಅವಳ ಗುಟ್ಟು ಗೋಡೆಗೆ ಬಡಿದು ವಾಪಸು ಬಂತು.

ಮಗಳ ಮುಖ ಕೆಂಪಾಯಿತು. ಡಾಕ್ಟರು ಬೈಯುತ್ತಾರೆಂದೋ, ನಗುತ್ತಾರೆಂದೋ ಸೆಟೆದು ನಿಂತಳು. ಅವರು ಎರಡೂ ಮಾಡಲಿಲ್ಲ. ಹೋಗುವುದಾದರೆ ಹೋಗಿ ಬನ್ನಿ, ಆದರೆ ಮಗು ಹಾಗೆ ಮಾಡುವಾಗ ತೆಗೆದ ವಿಡಿಯೋ ಇದ್ದರೆ ಅವರಿಗೆ ಖಂಡಿತ ತೋರಿಸಿ, ಅದನ್ನು ನೋಡಿದರೆ ಬಹಳ ಗೊತ್ತಾಗುತ್ತದೆ ಎಂದರು. ಕಳೆದ ಸಲ ತಾವು ಅದನ್ನು ಕೇಳಲು ಮರೆತದ್ದನ್ನೂ ಒಪ್ಪಿಕೊಂಡರು. ವಿಡಿಯೋಗೆ ಬರವಿರಲಿಲ್ಲ. ಮಗಳು ಒಂದು ಉದ್ದನೆಯದನ್ನು ಹಾಕಿ ಕೊಟ್ಟಳು.

ಅವರು ನೋಡತೊಡಗಿದರು. ಸ್ವಲ್ಪ ನೋಡಿ ಸಾಕು ಎನ್ನುತ್ತಾರೆ ಅಂದುಕೊಂಡಿದ್ದೆ. ಎನ್ನಲಿಲ್ಲ. ಫ್ಯಾನು ನಿಂತಿದ್ದರಿಂದ ಎಲ್ಲರಿಗೂ ಬೆವರು. ಟ್ರಂಕ್‌ಕಾಲ್ ಸೆರಗಿನಲ್ಲಿ ಗಾಳಿ ಹಾಕಿಕೊಂಡಳು. ಬಟಾಣಿ ಟಾರ್ಚು ಹುಡುಕಿಕೊಂಡು ಹೆಡ್‌ಮಿಸ್ಸಿನ ಕಿವಿ ಪರೀಕ್ಷೆಗೆ ಹೊರಟಳು, ಹೆಡ್‌ಮಿಸ್ ಬಗ್ಗಿ ಕಿವಿ ಕೊಟ್ಟಳು. ಫೋನಿನಿಂದ ಥಪ್ ಥಪ್ ಎಂಬ ಸದ್ದು ಬರುತ್ತಲೇ ಇತ್ತು. ಡಾಕ್ಟರು ಮೊದಲಿನಿಂದ ಕೊನೆಯವರೆಗೆ, ಮಗು ನಿದ್ದೆಹೋಗಿ ಆ ಮೇಲೂ ಓಡಿದ ಖಾಲಿ ಭಾಗದವರೆಗೆ, ಕಣ್ಣು ಕೀಳದೆ ನೋಡಿದರು. ಮಗಳು ಆ ವಿಡಿಯೋ ನೋಡುತ್ತಿರಲಿಲ್ಲ. ನೋಡುತ್ತಿದ್ದ ಡಾಕ್ಟರನ್ನು ನೋಡುತ್ತಿದ್ದಳು.

ಅವರು ಫೋನನ್ನು ಅವಳ ಕಡೆಗೆ ತಿರುಗಿಸಿದರು. "ತಲೆಗೂ ಹಲಗೆಗೂ ಮಧ್ಯ ಒಂದು ಕೈ ಇದೆಯಲ್ಲ. ಯಾರದಮ್ಮಾ?"

"ನಂದು."

"ದಿನಾ ಇಡ್ತೀರಾ?"

"ಅವಳು ಮಲಗೋವರೆಗೂ ಇಟ್ಟಿರ್ತೀನಿ. ಪೆಟ್ಟಾಗಬಾರದಲ್ಲ."

"ಆ ಕೈ ಇಲ್ಲಿ ಕೊಡಿ."

ಅವಳು ಕೊಡಲು ಹಿಂದೆಮುಂದೆ ನೋಡಿದಳು. ಏನಿಲ್ಲ, ನೋವಿಲ್ಲ ಎಂದಳು. ಅವರು ಬಲಗೈ ಹಿಡಿದು ಮಣಿಕಟ್ಟಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ನನ್ನ ಮಗಳು, ಖರೀದಿ ವಿಭಾಗದ ಮುಖ್ಯಸ್ಥೆ, ಪುಟ್ಟ ಮಗುವಿನ ಹಾಗೆ ಅಮ್ಮಾ ಎಂದಳು. ಮಣಿಕಟ್ಟು ಊದಿತ್ತು. ಆಗ ನನಗೆ ಹೊಳೆಯಿತು, ವಾರದಿಂದ ಅವಳು ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಸಾಕ್ಸು ಕಂಡ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

"ನಿಮ್ಮ ಮನೇಲಿ ಚಿಕಿತ್ಸೆ ಬೇಕಾಗಿರೋದು ಇದೊಂದಕ್ಕೇ" ಎಂದರು ಡಾಕ್ಟರು. "ವಯಸ್ಸು ಸ್ವಲ್ಪ ಜಾಸ್ತಿಯಾಯ್ತು, ಆದ್ರೂ ನೋಡ್ತೀನಿ."

ಅವರ ಬಳಿ ಇದ್ದದ್ದೆಲ್ಲ ಸಣ್ಣ ಕೈಯವರ ಪಟ್ಟಿ. ಹಳದಿ ಬಾತುಕೋಳಿಗಳ ಚಿತ್ರವಿರುವ ಎರಡು ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ಸುತ್ತಿದರು. ಬಟಾಣಿ ಟಾರ್ಚು ಹಿಡಿದು ಬೆಳಕು ಬಿಟ್ಟಳು. ಆ ಕೈಗೆ ಕೆಲವು ದಿನ ರಜೆ ಕೊಡಬೇಕು, ಮಗುವನ್ನು ಮಲಗಿಸುವಾಗ ಅಲ್ಲಿ ಇಡಬಾರದು, ಆ ಹೊತ್ತಿಗೆ ಕೂತು ಊಟ ಮಾಡಿ ಎಂದರು. ಅವಳ ಕಣ್ಣು ತುಂಬಿತು. ಬಂದದ್ದು ನ್ಯಾಯ ಹೇಳಲಿಕ್ಕೆ, ಈಗ ಹೊರಬಿದ್ದದ್ದು ಅಷ್ಟು ದಿನ ಒಳಗಿದ್ದ ಒಂದೇ ಪ್ರಶ್ನೆ.

"ನಾನು ಕೈ ತೆಗೆದ್ರೆ, ಅವಳಿಗೇನಾದ್ರೂ ಆದ್ರೆ?"

ಡಾಕ್ಟರು ಕುರ್ಚಿಯನ್ನು ಮತ್ತೆ ತಿರುಗಿಸಿ ಕೆಳಗಿಳಿಸಿದರು, ಈ ಸಲ ಅವಳಿಗಾಗಿ. "ತನಗೆ ನೋವಾಗೋ ಅಷ್ಟು ಜೋರಾಗಿ ಅವಳು ತಟ್ಟಿಕೊಳ್ಳಲ್ಲ. ಈ ವಿಡಿಯೋದಲ್ಲೂ ನಿಮ್ಮ ಕೈಗೆ ತಾಗೋದು ಮೆತ್ತಗೇ. ನಿಮ್ಮ ಕೈ ಊದಿರೋದು ಏಟಿನಿಂದ ಅಲ್ಲ, ಅಷ್ಟು ಹೊತ್ತು ಮಡಿಸಿ ಇಟ್ಟಿದ್ದಕ್ಕೆ. ನನ್ನ ಮಾತು ಸಾಲದು ಅನ್ನಿಸಿದ್ರೆ ನಾಳೆ ಹೋಗಿಬನ್ನಿ, ಬೇಜಾರಿಲ್ಲ. ಅವರು ಏನಂದ್ರು ಅಂತ ನಂಗೂ ತಿಳಿಸಿ."

ಇದಕ್ಕೊಂದು ಹೆಸರಿದೆಯೇ, ಎಲ್ಲಿ ಓದಬಹುದು ಎಂದು ಅವಳು ಕೇಳಿದಳು. ಅವರು ಸಂತೋಷದಿಂದಲೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ನಮಗೆ ಯಾರಿಗೂ ಅದನ್ನು ಓದಲಾಗಲಿಲ್ಲ. ಹೆಡ್‌ಮಿಸ್ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಾವಿರಾರು ಉತ್ತರಪತ್ರಿಕೆ ನೋಡಿದ ಕಣ್ಣಿನಿಂದ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿದಳು. ನಾಲ್ಕು ಕೊಟ್ಟಿದ್ದೇ ಹೆಚ್ಚಾಯಿತು ಎಂದೂ ಹೇಳಿದಳು. ಮಗಳು ಮೆಟ್ಟಿಲಲ್ಲೇ ನಿಂತು ಎಡಗೈಯಲ್ಲಿ ಹುಡುಕಿದಳು. ಸರಿಯಾದ ಹೆಸರು ಹಾಕಿದ್ದರಿಂದ ಸರಿಯಾದ ಪುಟವೇ ಬಂತು. ಡಾಕ್ಟರು ಹೇಳಿದ್ದೇ ಅಲ್ಲಿ ಇನ್ನಷ್ಟು ಉದ್ದವಾಗಿ ಇತ್ತು. ಓದಿಕೊಂಡು ಕೆಳಗಿಳಿದಳು. ನಾಳೆಯ ವಿಷಯ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಟ್ರಂಕ್‌ಕಾಲ್ ಕೂಡ ಎತ್ತಲಿಲ್ಲ, ಅದಕ್ಕೆ ಅವಳು ಎಷ್ಟು ಕಷ್ಟಪಟ್ಟಳೆಂದು ಅವಳ ಕೆನ್ನೆ ನೋಡಿದರೆ ತಿಳಿಯುತ್ತಿತ್ತು.

ಮಧ್ಯಾಹ್ನ ಅಳಿಯ ಊಟಕ್ಕೆಂದು ಬಂದವನು ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು ಕೊಟ್ಟ. ಮಗಳು ಬಟಾಣಿಯನ್ನು ಮಲಗಿಸಿ, ಹೊದಿಸಿ, ಸ್ವಲ್ಪ ಹೊತ್ತು ನಿಂತು, ಬಾಗಿಲನ್ನು ಅರ್ಧ ತೆರೆದಿಟ್ಟು ಹೊರಗೆ ಬಂದು ನಮ್ಮ ಜೊತೆ ಮೇಜಿಗೆ ಕೂತಳು. ನಾನು ಸೂಪು ಬಡಿಸಿದೆ. ಒಳಗೆ ಥಪ್ ಥಪ್ ಶುರುವಾಯಿತು. ಅವಳು ಬಾತುಕೋಳಿಗಳ ಕೈಯನ್ನು ಮಡಿಲಿನಲ್ಲಿಟ್ಟು ಅದರ ಮೇಲೆ ಇನ್ನೊಂದು ಕೈ ಇಟ್ಟುಕೊಂಡಳು, ಎದ್ದು ಓಡಿಹೋಗದ ಹಾಗೆ ಹಿಡಿದುಕೊಂಡಂತೆ. ಅಳಿಯ ಏನೋ ತಮಾಷೆ ಹೇಳಲು ಬಾಯಿ ತೆರೆದವನು ಅವಳನ್ನು ನೋಡಿ ಬ್ರೆಡ್ಡು ತುಂಬಿಕೊಂಡ. ಒಮ್ಮೆ ಅವಳು ಅರ್ಧ ಎದ್ದಳು. ಅಳಿಯ ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆಗೆ ಜರುಗಿಸಿದ. ಕೂತಳು.

ಸದ್ದು ನಿಧಾನವಾಯಿತು. ಎಡೆಬಿಟ್ಟು ಎಡೆಬಿಟ್ಟು ಬಂತು. ನಿಂತಿತು.

ಮಗಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಿದ್ದು, ಎಡಗೈಯಲ್ಲಿ ಫೋನು ತೆಗೆದುಕೊಂಡು ಹೊಸ ಆಸ್ಪತ್ರೆಗೆ ಕರೆ ಮಾಡಿದಳು. ನಾಳೆ ಬರುವುದಿಲ್ಲ, ಹೆಸರು ತೆಗೆದುಹಾಕಿ ಎಂದಳು. ಆ ಕಡೆಯವರು ಕಾರಣ ಕೇಳಿರಬೇಕು.

"ನಮ್ಮ ಡಾಕ್ಟ್ರು ಬೇಡ ಅಂದ್ರು" ಎಂದಳು.

ಅವರು ಹಾಗೆ ಹೇಳಿಯೇ ಇರಲಿಲ್ಲ, ಹೋಗಿಬನ್ನಿ ಎಂದಿದ್ದರು. ನಾನು ತಿದ್ದಲು ಹೋಗಲಿಲ್ಲ. ಅವಳ ಸೂಪು ಆರುತ್ತಿತ್ತು, ಅದನ್ನು ಬಿಸಿಮಾಡಿ ತರಲು ಎದ್ದೆ.